ಹಸಿಹಿಟ್ಟಿನ ಅಂಟು

“ಏ ಮುಂಡೆ, ಹೊಸ್ಲು ದಾಟೀಯ ಮತ್ತೆ! ಅಲ್ಲೇ ಕುಂತ್ಕಂಡು ಅಂಟಿಸೇ. ಮೈಲಿಗೆ ಪಾಠಕ್ಕೆ ಮೈಲಿಗೆಯೋಳೇ ಸರಿ.”

ರೇವಣಸಿದ್ದಪ್ಪ ಮೇಷ್ಟ್ರು ಇಪ್ಪತ್ತು ಪುಸ್ತಕಗಳನ್ನು ಅಂಗಳಕ್ಕೆ ಎಸೆದರು. ಹೆಣ್ಣುಮಕ್ಕಳಿಗೆ ಮೈನೆರೆಯುವುದು, ಬಸಿರು, ಬಾಣಂತನದ ಪಾಠ ಹೇಳಬೇಕೆಂದು ಮೈಸೂರಿನಿಂದ ಹುಕುಂ ಬಂದಿತ್ತು. ಹೊಳಲ್ಕೆರೆ ಸೀಮೆಯ ಈ ಶಾಲೆಯಲ್ಲಿ ಮಾತ್ರ, ಆ ಹಾಳೆಗಳನ್ನು ಅಂಟಿಸಿ ಮುಚ್ಚಬೇಕೆಂದು ಮೇಷ್ಟ್ರ ಹುಕುಂ. ಅಂಗಳ ಗುಡಿಸುವ ಬರಗೇರಮ್ಮ ಊರಾಚೆ ಕೇರಿಯವಳು; ಊರಿನ ಅರ್ಧ ಕೂಸುಗಳನ್ನು ಕೈಯಲ್ಲಿ ಹಿಡಿದ ಸೂಲಗಿತ್ತಿ. ಮೇಷ್ಟ್ರ ಮಗನನ್ನೂ ಅವಳೇ ಹಿಡಿದದ್ದು. ಅವತ್ತು ಯಾವ ಹೊಸ್ತಿಲೂ ಅಡ್ಡ ಬಂದಿರಲಿಲ್ಲ ಬಿಡಿ!

ಅಷ್ಟರಲ್ಲಿ ಹುಣಸೆಮರದ ಹಿಂದೆ ಯಾರೋ ಬಿಕ್ಕಿದ್ದು ಕೇಳಿತು. ಬರಗೇರಮ್ಮ ಹೋಗಿ ನೋಡಿದರೆ ಅದೇ ಶಾಲೆಯ ಹನ್ನೆರಡರ ಹುಡುಗಿ ಜಯಕ್ಕ, ಲಂಗ ಮುದುಡಿಕೊಂಡು ಕೂತಿದ್ದಾಳೆ.

“ಅಜ್ಜಿ, ರಕ್ತ ಹೋಗ್ತೈತೆ. ನಾ ಸಾಯ್ತೀನಿ.”

“ಥೂ ಹುಚ್ಚಿ! ಸಾಯಲ್ಲ ಕಣವ್ವ, ದೊಡ್ಡೋಳಾದೆ. ನಾನೂ ಆಗಿದ್ದೆ, ನಿಮ್ಮವ್ವನೂ ಆಗಿದ್ಲು.”

“ಮೇಷ್ಟ್ರಿಗೆ ಗೊತ್ತಾದ್ರೆ ಹೆಸ್ರು ಹೊಡ್ದಾಕ್ತಾರೆ. ನಾ ಓದ್ಬೇಕಜ್ಜಿ.”

ಬರಗೇರಮ್ಮ ಸೆರಗು ಹರಿದು ಕೊಟ್ಟಳು, ಕಟ್ಟಿಕೊಳ್ಳುವ ಬಗೆ ಹೇಳಿದಳು. ವಾಪಸ್ಸು ಬಂದು, ಅಂಟಿಗೆಂದು ಇಟ್ಟಿದ್ದ ರಾಗಿಹಿಟ್ಟನ್ನು ಕುದಿಸಲೇ ಇಲ್ಲ. ತಣ್ಣೀರಲ್ಲಿ ಕಲಸಿ ದಪ್ಪಗೆ ಬಳಿದಳು. ಹಸಿಹಿಟ್ಟು ಒಣಗಿದರೆ ಉದುರುತ್ತದೆಂದು, ಒಂದು ದಿನವೂ ಒಲೆ ಮುಂದೆ ಕೂರದ ಮೇಷ್ಟ್ರಿಗೆ ಹೇಗೆ ಗೊತ್ತಾಗಬೇಕು?

“ಪರವಾಗಿಲ್ವೇ, ಕೆಲಸ ಬರ್ತೈತೆ ನಿಂಗೆ” ಎಂದರು.

“ಎಲ್ಲಾ ತಮ್ಮ ಪುಣ್ಯ, ಬುದ್ಧಿ” ಎಂದು ಬರಗೇರಮ್ಮ ಕೈಮುಗಿದಳು.

ಮಾರನೆಯ ದಿನ ಪುಸ್ತಕ ಬಿಚ್ಚಿದ್ದೇ ತಡ, ಹಿಟ್ಟು ಬುರುಬುರು ಉದುರಿತು. ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು. ಜಯಕ್ಕ ಎದ್ದು ನಿಂತು ಓದಿಯೇಬಿಟ್ಟಳು: “ಹೆಣ್ಣು ಮೈನೆರೆಯುವುದು ರೋಗವಲ್ಲ. ಇದಕ್ಕೆ ಹೆದರಬಾರದು...”

“ಮುಚ್ಚೇ ಬಾಯಿ! ಮಾನಗೆಟ್ಟೋಳೆ!”

“ನಾನೂ ನಿನ್ನೆ ಮೈನೆರೆದೆ, ಮೇಷ್ಟ್ರೆ. ಸಾಯಲಿಲ್ಲ. ಶಾಲೆ ಬಿಟ್ಟೂ ಹೋಗಲ್ಲ.”

ಮೇಷ್ಟ್ರು ಬೆತ್ತ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಬಾಗಿಲಲ್ಲಿ ಬರಗೇರಮ್ಮ; ಕೈಯಲ್ಲಿ ಪೊರಕೆ, ಒಂದು ಕಾಲು ಆಗಲೇ ಒಳಗೆ.

“ಹೊಸ್ಲು! ಲೇ, ಹೊಸ್ಲು!” ಎಂದು ಅರಚಿಕೊಂಡರು.

“ಹಿಟ್ಟು ಬಿದ್ದೈತಲ್ಲ ಬುದ್ಧಿ, ಗುಡಿಸ್ಬೇಡ್ವಾ?”

ಗುಡಿಸಿದಳೇ? ಎಲ್ಲಿ ಬಂತು! ಪೊರಕೆಯನ್ನು ಮೇಷ್ಟ್ರ ಮೇಜಿಗೆ ಆನಿಸಿ, ಜಯಕ್ಕನ ಪಕ್ಕದಲ್ಲಿ ಕಾಲು ಚಾಚಿ ಕೂತಳು.

“ಓದವ್ವ, ಜೋರಾಗಿ ಓದು. ಪುಸ್ತಕದೋನು ತಪ್ಪಿದ್ರೆ ನಾ ತಿದ್ತೀನಿ.”