ಇಂಗ್ಲಿಷ್ ತಾಸಿಗೆ ಬಂದ ಬಸ್ಸು

ಎಪ್ಪತ್ತೈದನೆಯ ಇಸವಿಯಲ್ಲಿ ಸಿಂದಗಿಯ ಸಾಬೀರಾ ಶಿಕ್ಷಕರ ತರಬೇತಿಯ ಟಿ.ಸಿ.ಎಚ್. ಪರೀಕ್ಷೆಯಲ್ಲಿ ಎಲ್ಲಾ ವಿಷಯ ಪಾಸು ಮಾಡಿ ಒಂದರಲ್ಲಿ ಮಾತ್ರ ಸಿಕ್ಕಿಹಾಕಿಕೊಂಡಿದ್ದಳು. ಮಕ್ಕಳ ಮುಂದೆ ನಿಂತು ಇಂಗ್ಲಿಷ್ ಪಾಠ ಮಾಡಿ ತೋರಿಸಬೇಕಿತ್ತು. ಹೋದ ವರ್ಷ ನಿಂತ ಕೂಡಲೇ ಹೆದರಿ, ಬಾಯಿಪಾಠ ಮಾಡಿದ್ದನ್ನೆಲ್ಲ ಹಿಂದಿನ ಗೋಡೆಗೆ ಒಪ್ಪಿಸಿ ಬಂದಿದ್ದಳು. ಗೋಡೆ ಯಾರನ್ನಾದರೂ ಪಾಸು ಮಾಡುತ್ತದೆಯೇ? ಫೇಲಾದಳು.

ಅಪ್ಪ ಜೈನುದ್ದೀನ ಸಿಂದಗಿ ಬಸ್‌ಸ್ಟ್ಯಾಂಡಿನ ಮುಂದೆ ಟಾಂಗಾ ಹೊಡೆಯುವವನು. ಬಂಗಾರದಂಥ ಮನುಷ್ಯ, ಆದರೆ ಅವಸರ ಅವನ ಹುಟ್ಟುಗುಣ. ಚಹಾ ಆರುವವರೆಗೂ ಕಾಯದೆ ದಿನಾ ನಾಲಿಗೆ ಸುಟ್ಟುಕೊಳ್ಳುವ ಆಸಾಮಿ. ಅಂಥವನ ಮನೆಗೆ ಮುದ್ದೇಬಿಹಾಳದಿಂದ ಒಂದು ಸಂಬಂಧ ಬಂದಿತ್ತು. ಹುಡುಗನದು ಸ್ವಂತ ಅಂಗಡಿ. ಆದರೆ ಲಗ್ನವಾದ ಮೇಲೆ ಸೊಸೆ ನೌಕರಿ ಮಾಡಕೂಡದು ಎಂದು ಅವರು ಖಡಾಖಂಡಿತ ಹೇಳಿದ್ದರು.

"ಈ ಸಲ ಪಾಸಾದ್ರ ನೀ ಹೇಳಿದಂಗ, ಬೇಟಿ. ಇಲ್ಲಂದ್ರ ಶುಕ್ರವಾರ ಅವರಿಗೆ ಹೂಂ ಅಂತೇನಿ," ಎಂದಿದ್ದ ಜೈನುದ್ದೀನ.

ಪರೀಕ್ಷೆ ಬಸವನ ಬಾಗೇವಾಡಿಯ ಸಾಲೆಯೊಂದರಲ್ಲಿ. ಅಪ್ಪನೇ ಜೊತೆಗೆ ಬಂದು, ಆರನೇ ಇಯತ್ತೆಯ ಕ್ಲಾಸಿನ ಕಿಟಕಿಯ ಹೊರಗೆ ಬೇವಿನ ಗಿಡದ ಕೆಳಗೆ ಕುಂತ. ಒಳಗೆ ಪರೀಕ್ಷಕರು ಗುರಣ್ಣ ಹಳ್ಳೂರ ಸರ್, ಹಿಂದಿನ ಸಾಲಿನಲ್ಲಿ ಮೆತ್ತೆ ಹಾಕಿದ ಕುರ್ಚಿಯ ಮೇಲೆ. ಅವತ್ತು ಅವರ ಮುಖ ನೋಡಿದರೆ ಹಾಲು ಒಡೆಯುವಂತಿತ್ತು. ಅವರು ಕೊಟ್ಟ ಪಾಠ, ಬೇಗ ಎಂಬರ್ಥದ ಕ್ವಿಕ್ಲಿ ಎಂಬ ಒಂದು ಶಬ್ದ ಮತ್ತು ಅದರ ಬಳಗ. ಯಾವುದನ್ನು ಎಲ್ಲಿ ಬಳಸಬೇಕೆಂದು ಮಕ್ಕಳಿಗೆ ತಿಳಿಯಬೇಕು, ಅಷ್ಟೇ.

ಸಾಬೀರಾ ಹಲಗೆಯ ಮೇಲೆ ದುಂಡಗೆ ಬರೆದಳು: ಕ್ವಿಕ್ಲಿ, ಸ್ವಿಫ್ಟ್ಲಿ, ಪ್ರಾಂಪ್ಟ್ಲಿ, ಹೇಸ್ಟಿಲಿ. ಮೊಲ ಕ್ವಿಕ್ಲಿ ಓಡುತ್ತದೆ ಎಂದಳು. ಹದ್ದು ಸ್ವಿಫ್ಟ್ಲಿ ಹಾರುತ್ತದೆ ಎಂದಳು. ಮಕ್ಕಳು ಪಿಳಿಪಿಳಿ ನೋಡಿದವು. "ತಿಳೀತೇನು?" ಎಂದರೆ ಎಲ್ಲರೂ "ಹೂಂನ್ರಿ" ಎಂದರು, ತಿಳಿಯದವರ ಹೂಂ. ಅಷ್ಟರಲ್ಲಿ ರಸ್ತೆಯ ಕಡೆ ಬಸ್ಸಿನ ಹಾರ್ನ್ ಕೇಳಿತು. ಇಡೀ ಕ್ಲಾಸಿನ ಕುತ್ತಿಗೆ ಒಮ್ಮೆಲೇ ಕಿಟಕಿಗೆ ತಿರುಗಿತು. ಹಳ್ಳೂರ ಸರ್ ಪೆನ್ನಿನ ಟೋಪಿ ತೆಗೆದರು.

ಮುಗೀತು ಕಥೆ ಅನ್ನಿಸಿತು ಅವಳಿಗೆ. ಹೆದರಿಕೆ ಹೋಗಿ ಸಿಟ್ಟು ನೆತ್ತಿಗೇರಿತು.

"ಬಸ್ಸೇ ಬೇಕೇನ್ ನಿಮಗ? ಬರ್ರಿ ಹಂಗಾದ್ರ, ಬಸ್ಸೇ ಹತ್ತೂಣು!"

ಮಕ್ಕಳು ದಂಗಾದರು. ಸಾಬೀರಾ ಎರಡು ಬೆಂಚು ದರದರ ಎಳೆದಳು. "ಇದು ಬಸ್. ಯಾರೂ ಕೈ ಮಾಡಲಿಲ್ಲ, ನಡುವ ಎಲ್ಲೂ ನಿಂದರಲಿಲ್ಲ, ಬರ್ ಅಂತ ಬಂತು. ಅದು ಸ್ವಿಫ್ಟ್ಲಿ. ಬಸ್ ನಿಂದ್ರೂಕಿಂತ ಮೊದಲ ನಿಮ್ಮಪ್ಪ ಏನ್ ಮಾಡ್ತಾನ?"

"ಕಿಟಕ್ಯಾಗಿಂದ ವಸ್ತ್ರ ಒಗೀತಾನ್ರಿ!" ಇಡೀ ಕ್ಲಾಸು ಕೂಗಿತು.

ಈ ಸೀಮೆಯ ಕಾನೂನು ಅದು. ಹೊರಗೆ ನಿಂತು ಕಿಟಕಿಯೊಳಗೆ ಎಸೆದ ಹೆಗಲ ವಸ್ತ್ರ ಯಾವ ಸೀಟಿನ ಮೇಲೆ ಬಿತ್ತೋ ಆ ಸೀಟು ಎಸೆದವನದು. ವಸ್ತ್ರವಾಗಲಿ, ಚೀಲವಾಗಲಿ, ಬಿದ್ದ ಮೇಲೆ ತಹಶೀಲ್ದಾರ ಬಂದರೂ ನಿಂತೇ ಹೋಗಬೇಕು.

"ತಡಾ ಮಾಡ್ತಾನೇನು?"

"ಇಲ್ರೀ!"

"ಹೊತ್ತಿಗೆ ಸರಿಯಾಗಿ, ತಡಾ ಮಾಡದ ಮಾಡಿದ್ರ ಅದು ಪ್ರಾಂಪ್ಟ್ಲಿ. ಅದೇ ಗಡಿಬಿಡ್ಯಾಗ ಬ್ಯಾರೆ ಊರಿನ ಬಸ್ಸಿಗೆ ಒಗದ್ರ?"

ಮಕ್ಕಳು ಬಿದ್ದು ಬಿದ್ದು ನಕ್ಕರು. "ವಸ್ತ್ರ ಇಂಡಿಗೆ ಹೋಕ್ಕೈತ್ರಿ, ಅಪ್ಪ ಇಲ್ಲೇ ಉಳೀತಾನ್ರಿ!" ಎಂದಿತು ಒಂದು.

"ವಿಚಾರ ಮಾಡದ ಮಾಡಿದ್ರ ಹೇಸ್ಟಿಲಿ. ಎಲ್ಲಾ ಲಗೂನ, ಆದ್ರ ಎಲ್ಲಾ ಒಂದಲ್ಲ. ಈಗ ಬಸ್ ಬಂತು, ಸೀಟ್ ಹಿಡೀರಿ!"

ಗದ್ದಲವೋ ಗದ್ದಲ. ಹಳ್ಳೂರ ಸರ್ ತಡೆಯಲಾರದೆ ಕುರ್ಚಿಯಿಂದೆದ್ದು, "ಏ, ಏನಿದು ಸಂತಿ!" ಎನ್ನುತ್ತ ಮುಂದೆ ಬಂದರು. ಹಿಂದಿನ ಬೆಂಚಿನ ಶೇವಂತೆವ್ವ ಎಂಬ ಹುಡುಗಿ ಅತ್ತ ಕಣ್ಣು ಹಾಯಿಸಿದಳು. ಮೆತ್ತೆ ಹಾಕಿದ ಸೀಟು ಖಾಲಿ! ಪಾಟೀಚೀಲ ಒಗೆದಳು, ಹೋಗಿ ಕುಂತೂ ಬಿಟ್ಟಳು.

ಹಳ್ಳೂರ ಸರ್ ತಿರುಗಿ ನೋಡಿದರು. "ಏ ಹುಡುಗಿ, ಅದು ನನ್ನ ಕುರ್ಚಿ."

"ನಾ ಚೀಲಾ ಹಾಕೇನ್ರಿ," ಎಂದಳು ಶೇವಂತೆವ್ವ, ನ್ಯಾಯ ತನ್ನ ಕಡೆಗಿದೆ ಎಂಬ ಧೈರ್ಯದಿಂದ.

ಹಾಳಾಗಿ ಹೋಗಲಿ ನನ್ನ ಸಿಟ್ಟು, ಮೊಲ ಹದ್ದು ಹೇಳಿಕೊಂಡು ತೆಪ್ಪಗೆ ಇರಬಾರದಿತ್ತೇ ಎಂದು ಸಾಬೀರಾ ತನ್ನನ್ನು ತಾನೇ ಬೈದುಕೊಂಡಳು. ಅವಳ ಕಣ್ಣ ಮುಂದೆ ಶುಕ್ರವಾರ ಬಂದು ನಿಂತಿತು.

ಹಳ್ಳೂರ ಸರ್ ಕುರ್ಚಿಯ ಹತ್ತಿರ ಹೋಗಿ ಕೇಳಿದರು, "ನೀ ಸೀಟ್ ಹಿಡಿದದ್ದು ಹೆಂಗ? ಇಂಗ್ಲಿಷಿನ್ಯಾಗ ಹೇಳು."

"ಪ್ರಾಂಪ್ಟ್ಲಿ ರೀ."

"ಮತ್ತ ನಾ ಎದ್ದು ಬಂದದ್ದು?"

ಶೇವಂತೆವ್ವ ಹಲಗೆ ನೋಡಿದಳು, ಸರ್ ಮುಖ ನೋಡಿದಳು. ಸುಳ್ಳು ಹೇಳುವ ಸ್ವಭಾವ ಅವಳದಲ್ಲ.

"ಹೇಸ್ಟಿಲಿ ರೀ."

ಹಳ್ಳೂರ ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಖರೇ ಐತಿ ನೋಡವಾ! ಮುಂಜಾನೆ ಬಿಜಾಪುರದಿಂದ ನಿಂತೇ ಬಂದೇನಿ, ಈಗ ಇಲ್ಲೂ ನಿಂದರಸಿದಿ!" ಎಂದವರೇ ಉಳಿದ ಪಾಠವನ್ನು ಗೋಡೆಗೆ ಒರಗಿ ನಿಂತು ಕೇಳಿದರು. ಗಂಟೆ ಬಾರಿಸಿದ ಮೇಲೆ ಸಾಬೀರಾಳ ಹತ್ತಿರ ಬಂದು ದನಿ ತಗ್ಗಿಸಿದರು. "ಈಗ ಹೇಳಬಾರದು ತಂಗಿ, ಆದ್ರೂ ಹೇಳ್ತೇನಿ. ನೀ ಪಾಸು. ಮಕ್ಕಳಿಗೆ ತಿಳೀತು, ಅದಕಿಂತ ಮ್ಯಾಲೆ ಏನೈತಿ?"

ಸಾಬೀರಾ ಹೊರಗೆ ಬಂದಳು. ಸಂತೋಷಕ್ಕೆ ಕಣ್ಣೀರು ದಳದಳ ಇಳಿಯಿತು. ಅದನ್ನು ಕಂಡ ಜೈನುದ್ದೀನನ ಮುಖ ಇಳಿದುಹೋಯಿತು. ಏನೂ ಕೇಳದೆ ಮಗಳ ತಲೆಯ ಮೇಲೆ ಕೈಯಿಟ್ಟ.

"ಅಳಬ್ಯಾಡ ಬೇಟಿ. ನಂಗ ಇಂಗ್ಲಿಷ್ ತಿಳಿಯಂಗಿಲ್ಲ. ಆದ್ರ ಮನ್ಯಾಗ ಬಾಯಿ ಬಿಡದ ನನ್ನ ಮಗಳು ಒಳಗ ಹೆಂಗ ಮಾತಾಡಿದ್ಲು, ಹುಡುಗ್ರು ಹೆಂಗ ಕುಣದ್ರು, ಎಲ್ಲಾ ಕೇಳೇನಿ. ಫೇಲಾದ್ರ ಆಗವಲ್ದ್ಯಾಕ, ಹೋಗ್ಲಿ ಬಿಡು. ಮುಂದಿನ ವರ್ಷ ಮತ್ತ ಬರೂಣು. ಮುದ್ದೇಬಿಹಾಳದವರಿಗೆ ನಮಗೇನ್ ಅವಸರ ಇಲ್ಲ ಅಂತ ಹೇಳ್ತೇನಿ."

ಜನ್ಮದಲ್ಲಿ ಮೊದಲ ಸಲ ಅಪ್ಪನ ಬಾಯಿಂದ ಅವಸರವಿಲ್ಲ ಎಂಬ ಮಾತು ಕೇಳಿ ಸಾಬೀರಾ ಇನ್ನಷ್ಟು ಅತ್ತಳು.

"ನಾ ಪಾಸಾಗೇನಿ, ಅಬ್ಬಾ," ಎಂದಳು ಅಪ್ಪನಿಗೆ, ಕೊನೆಗೊಮ್ಮೆ.

"ಮೊದಲ ಹೇಳಾಕ ಏನಾಗಿತ್ತ ನಿನಗ?" ಎಂದು ಗದರಿಸಿದ ಜೈನುದ್ದೀನ, ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ.