ಎಡ ಭುಜ ಅರ್ಧ ಇಂಚು

ನಮ್ಮ ಬೀದಿ ಗುಡಿಸುವ ಹೆಂಗಸು ಒಂದು ಬೆಳಿಗ್ಗೆ ತನ್ನ ಕೋಟು ಬಿಚ್ಚಿ ನಮ್ಮ ಅಂಗಡಿಯ ಮೇಜಿನ ಮೇಲಿಟ್ಟಳು. ನಗರಸಭೆ ಕೊಟ್ಟ ಕೋಟು. ಜೇಬು ಕಿತ್ತು ಬಂದಿತ್ತು.

"ಇದಕ್ಕೊಂದು ಹೊಲಿಗೆ ಹಾಕಮ್ಮ. ಕೊಟ್ಟು ತಿಂಗಳಾಗಿಲ್ಲ, ಆಗಲೇ ಬಾಯಿ ಬಿಟ್ಕೊಂಡಿದೆ."

ಅಮ್ಮ ಕೋಟನ್ನು ತಿರುಗಿಸಿ ಹಾಕಿದಳು. ಕಾಲರಿನ ಒಳಗೆ ಒಂದು ಲೇಬಲ್ಲು. ಅದರ ಮೇಲಿದ್ದ ಊರಿನ ಹೆಸರನ್ನು ನಾನು ಎರಡು ಸಲ ಓದಿದೆ. ಇಲ್ಲಿ ರೈಲು ಹತ್ತಿದರೆ ಮರುದಿನ ಮುಟ್ಟುವ ಊರು. ಅಕ್ಕ ಇರುವ ಊರು. ಅಲ್ಲಿಯ ದೊಡ್ಡ ಗಾರ್ಮೆಂಟ್ಸಿನಲ್ಲಿ ಅಕ್ಕ ಮೂರು ವರ್ಷದಿಂದ ಕಾಲರು ಕೂಡಿಸುತ್ತಾಳೆ.

ನನಗೆ ಮೈಯೆಲ್ಲ ಉರಿಯಿತು. ನಮ್ಮ ಬೀದಿ ಗುಡಿಸುವವರ ಕೋಟು ಅಲ್ಲಿಂದ ಬರಬೇಕಂತೆ. ಅಂಥದ್ದನ್ನು ಹೊಲಿಯಲು ನಮ್ಮ ಮನೆಯ ಹುಡುಗಿ ಇಲ್ಲಿಂದ ಅಲ್ಲಿಗೆ ಹೋಗಬೇಕಂತೆ. ಯಾವ ಜಾಣ ಮಾಡಿದ ಏರ್ಪಾಡು ಇದು?

ಅಮ್ಮ ಕಾಲರಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. "ಇದು ಅವಳ ಕೈಯಲ್ಲ," ಎಂದಳು. ಆಮೇಲೆ ಜೇಬು ಹೊಲಿದು ಕೊಟ್ಟಳು.

ನಮ್ಮದು ದರ್ಜಿಗಳ ಬೀದಿ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮಷೀನಿಗೆ ಕೂತಾಗ ಹದಿನೆಂಟು ಅಂಗಡಿಗಳಿದ್ದವು. ಪಕ್ಕದವರ ಜೊತೆ ಮಾತಾಡಬೇಕಾದರೂ ಕೂಗಬೇಕಿತ್ತು, ಅಷ್ಟು ಸದ್ದು. ಈಗ ಇರುವುದು ನಾಲ್ಕು. ಉಳಿದ ಷಟರುಗಳಿಗೆಲ್ಲ ತುಕ್ಕು. ರೆಡಿಮೇಡ್ ಬಂತು, ಗಿರಾಕಿಗಳು ಹೋದರು, ಅವರ ಹಿಂದೆಯೇ ನಮ್ಮ ಮನೆಗಳವರೂ ಹೋದರು. ಅಕ್ಕನ ಮಷೀನಿನ ಮೇಲೆ ಅಮ್ಮ ಬಟ್ಟೆ ಹೊದಿಸಿದ್ದಾಳೆ. ವಾರಕ್ಕೊಮ್ಮೆ ಬಟ್ಟೆ ಸರಿಸಿ ಎಣ್ಣೆ ಬಿಡುತ್ತಾಳೆ. ಯಾರೂ ಓಡಿಸದ ಮಷೀನಿಗೆ ಎಣ್ಣೆ ಯಾಕೆ ಎಂದು ಒಮ್ಮೆ ಕೇಳಿದ್ದೆ. "ಬಿಗಿದುಕೊಂಡ್ರೆ ಬಂದಾಗ ಅವಳು ಬಯ್ತಾಳೆ," ಎಂದಿದ್ದಳು.

ಆ ವಾರವೇ ಫಾರ್ಮ್ ಮೇಡಂ ಬಂದರು. ನಗರಸಭೆಯವರು. ಕೈಯಲ್ಲಿ ಯಾವಾಗಲೂ ಫಾರ್ಮು ಇರುವುದರಿಂದ ಬೀದಿಯವರು ಇಟ್ಟ ಹೆಸರು.

"ಈ ವರ್ಷದಿಂದ ಬೀದಿ ಗುಡಿಸೋರ ಕೋಟುಗಳನ್ನ ಊರಿನ ದರ್ಜಿಗಳಿಂದಲೇ ಹೊಲಿಸ್ತೀವಿ," ಎಂದರು. "ಊರಿನ ದುಡ್ಡು ಊರಲ್ಲೇ ಓಡಾಡಲಿ ಅಂತ. ಹೆಸರು ನೋಂದಾಯಿಸಿ, ಒಂದು ಮಾದರಿ ಕೋಟು ಹೊಲಿದು ಕೊಡಿ. ಫೀಸಿಲ್ಲ. ಮಧ್ಯದಲ್ಲಿ ದಲ್ಲಾಳಿ ಬೇಕಿಲ್ಲ."

ಎದುರಂಗಡಿಯ ಪ್ಯಾಂಟ್ ಮಾಮ ಮೂಗು ಮುರಿದ. ಪ್ಯಾಂಟು ಬಿಟ್ಟು ಬೇರೇನೂ ಹೊಲಿಯದ ಆಸಾಮಿ ಅವನು. "ಹೋದ ಸಲ ನಿಮ್ಮೋರು ಬಂದು ಬೀದಿಗೆ ದೀಪ ಹಾಕ್ತೀವಿ ಅಂದ್ರು ಮೇಡಂ. ಕಂಬ ನೆಟ್ಟಿದ್ದಾರೆ. ದೀಪ ಇನ್ನೂ ಹೆಸರು ನೋಂದಾಯಿಸಿಲ್ವೇನೋ."

ಮೇಡಂ ನಕ್ಕುಬಿಟ್ಟರು. "ದೀಪ ನನ್ನ ಟೇಬಲ್ ಅಲ್ಲ ಮಾಮ. ಅದಕ್ಕೆ ಬಯ್ಯಬೇಕಾದೋರ ಕೋಣೆ ನಂಬರ್ ಕೊಡ್ತೀನಿ. ಕೋಟಿನ ವಿಷಯಕ್ಕೆ ನನ್ನನ್ನ ಬಯ್ಯಿರಿ."

ನಾನೂ ಬಿಡಲಿಲ್ಲ. "ಇಷ್ಟು ದಿನ ಎಲ್ಲಿದ್ರಿ? ಹದಿನಾಲ್ಕು ಅಂಗಡಿ ಮುಚ್ಚಲಿ ಅಂತ ಕಾಯ್ತಿದ್ರಾ?"

"ತಡ ಆಯ್ತು," ಎಂದರು. ಹೀಗೆ ಒಪ್ಪಿಕೊಂಡುಬಿಟ್ಟರೆ ಜಗಳ ಮುಂದುವರಿಸುವುದು ಹೇಗೆ?

ಅಮ್ಮ ಒಂದೇ ಮಾತು ಕೇಳಿದಳು. "ಮೂರು ಮಷೀನಿಗೆ ಸಾಕಾಗೋಷ್ಟು ಕೆಲಸ ಬರುತ್ತಾ?"

ನಮ್ಮ ಅಂಗಡಿಯಲ್ಲಿ ಕೂರುವವರು ಇಬ್ಬರು. ಮೂರನೆಯದು ಯಾರದೆಂದು ಬೀದಿಗೆಲ್ಲ ಗೊತ್ತು.

"ಬರುತ್ತಮ್ಮ," ಎಂದರು ಮೇಡಂ.

ಫಾರ್ಮಿನ ಜೊತೆ ಅಳತೆಯ ಪಟ್ಟಿ ಇತ್ತು. ಮಧ್ಯಮ ಸೈಜು: ಎದೆ ಇಷ್ಟು, ಭುಜ ಇಷ್ಟು, ತೋಳು ಇಷ್ಟು. ನಾನು ಓದಿ ಹೇಳಲು ಹೋದರೆ ಅಮ್ಮ ಗದರಿದಳು. "ಮೂವತ್ತು ವರ್ಷ ಟೇಪು ಮುಟ್ಟದೆ ಕತ್ತರಿಸಿದ್ದೀನಿ. ಮಧ್ಯಮ ಮೈ ಅಂದ್ರೆ ಎಷ್ಟು ಅಂತ ನೀನು ಹೇಳ್ಕೊಡ್ತೀಯಾ?"

ನಿಜ. ನಮ್ಮ ಬೀದಿಯ ಹಳಬರಿಗೆ ಟೇಪು ಕುತ್ತಿಗೆಗೆ ಮಾತ್ರ. ಬಾಗಿಲಲ್ಲಿ ನಿಂತವರನ್ನು ಒಮ್ಮೆ ನೋಡಿದರೆ ಮುಗಿಯಿತು, ಕತ್ತರಿ ಹೊರಟಿತು. ಅದೇ ಅವರ ಹೆಮ್ಮೆ. ನಾನೂ ಆ ಹೆಮ್ಮೆಯಲ್ಲೇ ಸುಮ್ಮನಾದೆ. ತಪ್ಪು ಇಬ್ಬರದೂ.

ಹೊಲಿದು ಕೊಟ್ಟ ಹತ್ತು ದಿನಕ್ಕೆ ಮಾದರಿ ಕೋಟು ವಾಪಸ್ ಬಂತು. ಫಾರ್ಮ್ ಮೇಡಂ ಅವರೇ ತಂದಿದ್ದರು, ಒಂದು ಚೀಟಿ ಸಮೇತ. ನಾನು ಚೀಟಿ ಕಸಿದುಕೊಂಡು ಹರಿಯಲು ಹೊರಟೆ.

"ಯಾರಿಗೆ ಕೊಡಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತೆ! ನಮ್ಮನ್ನ ಕರೆದಿದ್ದು ಬರೀ ತೋರಿಕೆಗೆ!"

"ನಾನು ಹೇಳ್ಲಿಲ್ವಾ?" ಎಂದು ಪ್ಯಾಂಟ್ ಮಾಮ ಎದುರಿನಿಂದಲೇ ಕೂಗಿದ.

"ಹರಿಯೋಕೆ ಮೊದಲು ಓದಪ್ಪ," ಎಂದರು ಮೇಡಂ. "ತಿರಸ್ಕರಿಸಿದೆ ಅಂತ ಎಲ್ಲಿದೆ ತೋರಿಸು. ಏಳು ದಿನದೊಳಗೆ ಸರಿಪಡಿಸಿ ಕೊಡಿ ಅಂತಿದೆ. ಎಷ್ಟು ಜನ ಇಲ್ಲಿಗೇ ಕೈಬಿಟ್ಟು ಮನೆಗೆ ಹೋಗ್ತಾರೆ ಗೊತ್ತಾ? ನಿಮ್ಮ ಹೊಲಿಗೆಗೆ ಪೂರ್ತಿ ಅಂಕ ಬಂದಿದೆ. ತಪ್ಪಿರೋದು ಅಳತೆಯಲ್ಲಿ."

ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಗಟ್ಟಿಯಾಗಿ ಓದಿದರು. "ಭುಜ ಎರಡು ಇಂಚು ಕಡಿಮೆ. ತೋಳು ಉದ್ದ. ಎಡ ಭುಜ ಬಲಕ್ಕಿಂತ ಅರ್ಧ ಇಂಚು ಇಳಿದಿದೆ."

ಅಮ್ಮ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಇದು ಯಾರ ಅಳತೆಯಮ್ಮ?" ಎಂದು ಕೇಳಿದರು ಮೇಡಂ.

ಅಮ್ಮ ಕೋಟಿನ ಎಡ ಭುಜವನ್ನು ಸವರಿದಳು. ನನಗೆ ಗೊತ್ತಾಯಿತು. ಅಕ್ಕನ ಎಡ ಭುಜ ಹುಟ್ಟಿನಿಂದ ಸ್ವಲ್ಪ ತಗ್ಗು. ಅವಳ ಬಟ್ಟೆಗೆಲ್ಲ ಅಮ್ಮ ಆ ಅರ್ಧ ಇಂಚನ್ನು ಸರಿದೂಗಿಸುತ್ತಿದ್ದಳು, ಬೇರೆಯವರ ಕಣ್ಣಿಗೆ ಬೀಳದ ಹಾಗೆ. ಮಧ್ಯಮ ಮೈ ಎಂದಾಗ ಅಮ್ಮನ ಕತ್ತರಿ ಹೋದದ್ದು ಅವಳ ಹತ್ತಿರ.

ತಮಾಷೆ ಮಾಡಲು ರಸ್ತೆ ದಾಟಿ ಬಂದ ಮಾಮ ಅಮ್ಮನ ಮುಖ ನೋಡಿ ಹಾಗೇ ನಿಂತ. ಆಮೇಲೆ ಕುತ್ತಿಗೆಯ ಟೇಪು ತೆಗೆದು ಮೇಜಿನ ಮೇಲಿಟ್ಟ. "ಪಟ್ಟಿ ಓದೋ," ಎಂದ ನನಗೆ. ಅಮ್ಮನ ಕಡೆ ತಿರುಗಿ, "ನಾನು ಗೆರೆ ಹಾಕ್ತೀನಿ. ನೀನು ಕತ್ತರಿಸಕ್ಕ."

ಎರಡನೇ ಕೋಟು ಪಾಸಾಯಿತು. ನಾಲ್ಕೂ ಅಂಗಡಿಯವರು ಹಂಚಿಕೊಳ್ಳುವಷ್ಟು ಕೆಲಸ ಬಂತು. ಪ್ಯಾಂಟ್ ಮಾಮನೂ ಕೋಟು ಹೊಲಿಯುತ್ತಿದ್ದಾನೆ. "ಕೈ ಹಾಕ್ಕೊಳ್ಳೋ ಪ್ಯಾಂಟು ಅಂದ್ಕೊಂಡ್ರೆ ಆಯ್ತು" ಎನ್ನುತ್ತಾನೆ.

ಕೆಲಸ ಸಿಕ್ಕ ದಿನವೇ ಅಮ್ಮ ಅಕ್ಕನಿಗೆ ಫೋನ್ ಮಾಡಿಸಿದಳು. "ಮೂರು ಮಷೀನಿಗೂ ಕೆಲಸ ಇದೆ. ಬಂದ್ಬಿಡೇ."

"ಎಷ್ಟು ದಿನದ ಕೆಲಸಮ್ಮ?"

"ಮೂರು ತಿಂಗಳು."

"ನಾಲ್ಕನೇ ತಿಂಗಳು?"

ಅಮ್ಮ ಫೋನನ್ನು ನನ್ನ ಕೈಗೆ ಕೊಟ್ಟಳು.

"ಬರಬೇಕು ಅಂತ ನನಗಿಲ್ವೇನೋ?" ಎಂದಳು ಅಕ್ಕ. "ಇಲ್ಲಿ ಮಷೀನೆಲ್ಲ ನಿಂತ ಮೇಲೂ ನಮ್ಮ ಬೀದಿ ಸದ್ದು ಕೇಳಿಸಿದ ಹಾಗಾಗುತ್ತೆ. ಆದ್ರೆ ಮೂರು ತಿಂಗಳಿಗೆ ಬಂದ್ರೆ ಮತ್ತೆ ಹೊರಡಬೇಕಲ್ಲೋ. ಅಮ್ಮನ್ನ ಇನ್ನೊಂದ್ಸಲ ಬಾಗಿಲಲ್ಲಿ ನಿಲ್ಲಿಸಿ ಹೊರಡೋದು ನನ್ನ ಕೈಲಾಗಲ್ಲ."

ಮರುದಿನ ನಾನೇ ನಗರಸಭೆಗೆ ಹೋದೆ. ಜಗಳಕ್ಕೆಂದೇ ಹೋದೆ. ಫಾರ್ಮ್ ಮೇಡಂ ಇನ್ನೊಂದು ಫಾರ್ಮು ಮುಂದಿಟ್ಟರು. ಶಾಲೆಗಳ ಸಮವಸ್ತ್ರ, ವರ್ಷಪೂರ್ತಿ ಕೆಲಸ. ಅದನ್ನೂ ಊರಿನಲ್ಲೇ ಹೊಲಿಸಲು ನಗರಸಭೆ ಒಪ್ಪಿದೆ. ಆದರೆ ಹತ್ತು ಅಂಗಡಿಗಳು ಸೇರಿ, ಸಂಘವಾಗಿ ಅರ್ಜಿ ಹಾಕಬೇಕು. ಹಾಕುವವರಿಲ್ಲದಿದ್ದರೆ ಅದೂ ರೈಲು ಹತ್ತಿ ಬರುತ್ತದೆ, ಬೀದಿ ಗುಡಿಸುವವರ ಕೋಟು ಬರುತ್ತಿದ್ದ ಹಾಗೆ.

ಷಟರು ಎಳೆದುಕೊಂಡವರ ಮನೆಮನೆಗೆ ಹೋಗಿ ಅಮ್ಮ, ಮಾಮ, ನಾನು ಕೂತು ಮಾತಾಡಿದೆವು. ನಾಲ್ಕಿದ್ದವರು ಏಳಾಗಿದ್ದೇವೆ.

ಇದನ್ನು ಓದುತ್ತಿರುವವರೇ, ನೀವು ದರ್ಜಿಯಾಗಿರಿ, ಬಡಗಿಯಾಗಿರಿ, ಚಪ್ಪಲಿ ಮಾಡುವವರಾಗಿರಿ. ನಿಮ್ಮ ನಗರಸಭೆಗೆ ಹೋಗಿ ಕೇಳಿ: ಊರಿಗೆ ಬೇಕಾದ್ದನ್ನು ಊರಿನವರಿಂದ ಯಾಕೆ ಕೊಳ್ಳುವುದಿಲ್ಲ? ಕೊಳ್ಳುತ್ತೇವೆ ಎಂದರೆ ಅವತ್ತೇ ಹೆಸರು ಬರೆಸಿ. ನಿಮ್ಮ ಕೈ ಎಷ್ಟೇ ಪಳಗಿರಲಿ, ಅವರು ಕೇಳಿದ ಅಳತೆಗೇ ಮಾಡಿ ಕೊಡಿ. ವಾಪಸ್ ಬಂದರೆ ಚೀಟಿ ಪೂರ್ತಿ ಓದಿ, ತಿದ್ದಿ ಮತ್ತೆ ಕೊಡಿ. ಒಬ್ಬೊಬ್ಬರೇ ಹೋಗಬೇಡಿ. ಸಿಟ್ಟು ಬಂದರೆ ಬರಲಿ, ಅದನ್ನೂ ಜೊತೆಗೆ ಕರೆದುಕೊಂಡು ಹೋಗಿ. ಆದರೆ ಫಾರ್ಮು ತುಂಬಿಸಿಯೇ ಬನ್ನಿ.

ನೀವು ನಮ್ಮ ಬೀದಿಯವರೇ ಆಗಿದ್ದರೆ, ಇನ್ನು ಮೂರು ಅಂಗಡಿ ಬೇಕು. ಅರ್ಜಿಗೆ ಈ ತಿಂಗಳ ಕೊನೆಯವರೆಗೆ ಸಮಯವಿದೆ. ನಾಲ್ಕನೇ ತಿಂಗಳು ಏನು ಎಂದು ಕೇಳಿದವಳಿಗೆ ನಾವಿನ್ನೂ ಉತ್ತರ ಕೊಟ್ಟಿಲ್ಲ. ಷಟರು ಎತ್ತಿ ಬನ್ನಿ.