ಬಾತುಕೋಳಿ ಕೋಣೆಯ ತೇವ

ಬೆರಳ ತುದಿಗೆ ಮೊಟ್ಟೆ ಬೆಚ್ಚಗೆ, ಕರಿ ಪರದೆಯ ಅಂಚಿನಿಂದ ನುಸುಳಿದ ಒಂದು ಎಳೆ ಬಿಸಿಲು ನನ್ನ ಪಾದದ ಮೇಲೆ ಕೂತಿದೆ, ಚಳಿ ಕಾಲ್ತೆಗೆದು ನಾಲ್ಕು ದಿನವಾಯಿತು, ಹೊರಗೆ ಹುಲ್ಲು ಚಿಗುರಿರಬೇಕು, ಕೋಳಿಗಳು ಒಂದೇ ಸಮನೆ ಕೆದಕುವ ಸದ್ದು, ಬೆಳಗಿನಿಂದ ಇನ್ನೂರು ಕೋಳಿಮೊಟ್ಟೆ ದೀಪಕ್ಕೆ ಹಿಡಿದು ನೋಡಿದ್ದಾಯಿತು, ಅವೆಲ್ಲ ಸರಿ, ಸರಿಯಿಲ್ಲದ್ದು ಈ ಹದಿನೆಂಟು, ಬಾತುಕೋಳಿಯವು — ಮೊಂಡು ತುದಿಯಲ್ಲಿ ಗಾಳಿಯ ಜಾಗ ಇಷ್ಟೇ ಇರಬೇಕು ಎಂದು ನಾನೇ ಪೆನ್ಸಿಲಿನಲ್ಲಿ ಗೀಟು ಹಾಕಿದ್ದೆ, ಗಾಳಿ ಗೀಟು ದಾಟಿ ಅರ್ಧ ಮೊಟ್ಟೆಗೆ ಇಳಿದಿದೆ, ಒಳಗಿನ ನೀರು ಆರಿದೆ, ಚಿಪ್ಪು ಒಡೆಯಲು ಇನ್ನೆರಡೇ ದಿನ, ಒಣಗಿದ ಪೊರೆ ಮರಿಗೆ ಬಿಗಿದುಕೊಂಡರೆ ಅದು ಕತ್ತು ಹೊರಳಿಸಲಾರದು, ಒಣಗಿಸಿದ್ದು ಯಾರು, ಬಿಸಿಲಲ್ಲ, ಕರೆಂಟಲ್ಲ, ನಾನು, ಕಂಪ್ಯೂಟರಿನ ಕಡತದ ತಲೆಯ ಮೇಲೆ ನಾನು ಸೇರಿಸಿದ ಒಂದೇ ಒಂದು ಸಾಲು. ಇನ್ನೊಂದು ತೆಗೆದುಕೊಳ್ಳುತ್ತೇನೆ, ಇದೂ ಹಾಗೇ. ಬೇರೆ ಯಾರ ಮೊಟ್ಟೆಯಾದರೂ ಆಗಿದ್ದರೆ ಮತ್ತೆ ಇಟ್ಟುಕೊಡಬಹುದಿತ್ತು, ಇವು ಅಂಚೆಯಮ್ಮನವು, ಮೂವತ್ತು ವರ್ಷ ಸೈಕಲ್ಲಿನ ಮೇಲೆ ಕಾಗದ ಹಂಚಿ ಈಗ ಕೆರೆಯಂಚಿನಲ್ಲಿ ಬಾತುಕೋಳಿ ಸಾಕುವ ಅಂಚೆಯಮ್ಮ, ಅವರ ಗಂಡು ಬಾತನ್ನು ಹೋದ ತಿಂಗಳು ನರಿ ಒಯ್ದಿತು, ಅದರ ಬೀಜದ ಕೊನೆಯ ಮೊಟ್ಟೆಗಳು ಇವು, ಬುಟ್ಟಿಯನ್ನು ನನ್ನ ಕೈಗೇ ಕೊಟ್ಟರು, ನಿಮ್ಮತ್ತೆ ಕೈಗಲ್ಲ, ನಿನ್ನ ಕೈಗೆ ಕೊಡ್ತಿದೀನಿ ನೋಡು ಮಗಳೇ, ಮರಿ ಮಾಡಿ ವಾಪಸ್ ಕೊಡಬೇಕು — ಕೊಡ್ತೀನಿ ಅಂದೆ, ಎಷ್ಟು ಸಲೀಸಾಗಿ ಅಂದೆ.

ಈ ಕಾವಿನ ಪೆಟ್ಟಿಗೆಗಳನ್ನು ನಡೆಸುವ ಪ್ರೋಗ್ರಾಮು ಅತ್ತೆಯದು, ಲೆಕ್ಕದ ಟೀಚರಾಗಿದ್ದವರು, ಮೂರು ಗಂಟೆಗೊಮ್ಮೆ ಎದ್ದು ಟ್ರೇ ತಿರುಗಿಸಿ ಸಾಕಾಗಿ ಶಾಲೆಯವರು ಬಿಸಾಡಿದ ಕಂಪ್ಯೂಟರು ತಂದು ತಾವೇ ಲಿಸ್ಪ್ ಎಂಬ ಪ್ರೋಗ್ರಾಮಿನ ಭಾಷೆ ಕಲಿತು ಬರೆದದ್ದು, ತುಂಬ ಬ್ರ್ಯಾಕೆಟ್ಟು, ಸೊಪ್ಪು ಸೋಸಿದ ಹಾಗೆ ಒಂದೊಂದಾಗಿ ಬಿಡಿಸಬೇಕು, ನನಗೂ ಅವರೇ ಕಲಿಸಿದರು, ಮಧ್ಯಾಹ್ನದ ಹೊತ್ತು, ಪಕ್ಕದಲ್ಲಿ ಕೂತು, ನಾನು ತಪ್ಪಿದಾಗ ಮಂಡಿಗೆ ಚಿವುಟಿ. ಅವರ ಕಾಲದ ಲಿಸ್ಪಿನಲ್ಲಿ ಒಂದು ಹೆಸರಿಗೆ ಬೆಲೆ ಸಿಗುವುದು ಕರೆದವರಿಂದ, ಅದಕ್ಕೆ ಡೈನಮಿಕ್ ಅನ್ನುತ್ತಾರೆ, ಹೊಸದರಲ್ಲಿ ಬರೆದ ಜಾಗದಿಂದ, ಅದು ಲೆಕ್ಸಿಕಲ್. ತಲೆಗೆ ಹತ್ತದೆ ಕೂತಿದ್ದೆ, ಆಗ ಅವರೇ ಉಪ್ಪಿನ ಕಥೆ ತೆಗೆದರು, ನಾನು ಈ ಮನೆಗೆ ಬಂದ ಮೊದಲ ವಾರ ಮಾಡಿದ ಅಡುಗೆ, ಮಾವ ಮೂರು ಲೋಟ ನೀರು ಕುಡಿದು ಎದ್ದು ಹೋದರು, ನಿನ್ನ ಕೈ ನಿಮ್ಮಮ್ಮನ ಮನೆ ಅಳತೆ ಹೊತ್ಕೊಂಡೇ ಬಂದಿತ್ತು, ಯಾರ ಮನೇಲಿ ಬೇಯಿಸಿದ್ರೂ ಅದೇ ಉಪ್ಪು, ಅದು ಲೆಕ್ಸಿಕಲ್ಲು, ನಾನು ಹಾಗಲ್ಲ, ಯಾರು ಕರೀತಾರೋ ಅವರ ನಾಲಿಗೆ ನೋಡಿ ಹಾಕ್ತೀನಿ — ಹಾಗಾದ್ರೆ ನಿಮ್ಮದೇ ರುಚಿ ಯಾವುದು ಅತ್ತೆ ಅಂದರೆ, ಕರೆಯೋವ್ರಿಲ್ದಿದ್ರೆ ಮೊಸರನ್ನ ತಿಂದು ಮಲಗ್ತೀನಿ ಕಣೇ, ಎಂದು ನಕ್ಕರು. ಆ ನಗುವಿಗೆ ಸೋತೇ ನಾನು ಕಲಿತದ್ದು. ಕಲಿತ ಮೇಲೆ ಜಾಣತನ ಬಂತು, ಹೋದ ವರ್ಷದ ಕೊನೆಗೆ ಆ ಸಾಲು ಹಾಕಿದೆ, ಇನ್ನು ಮೇಲೆ ಈ ಕಡತವೆಲ್ಲ ಲೆಕ್ಸಿಕಲ್ ಎನ್ನುವ ಸಾಲು, ಮೂರು ಸರದಿ ಕೋಳಿಮರಿ ಹೂವಿನಂತೆ ಎದ್ದು ಬಂದವು, ಬಾತುಕೋಳಿಯದ್ದು ಪರೀಕ್ಷೆ ಮಾಡಲಿಲ್ಲ, ಆಗ ಬಾತುಕೋಳಿ ಮೊಟ್ಟೆ ಎಲ್ಲಿತ್ತು, ಅವು ಬರುವುದೇ ವರ್ಷಕ್ಕೊಮ್ಮೆ.

ಅತ್ತೆ ಬಾತುಕೋಳಿಗೆ ಅಂತ ಬೇರೆ ದೊಡ್ಡದಾಗಿ ಏನೂ ಬರೆದಿರಲಿಲ್ಲ, ತೇವ ಎಂಬ ಹೆಸರಿಗೆ ಶೇಕಡಾ ಅರವತ್ತೈದು ಎಂದು ಕಟ್ಟಿ, ಆಮೇಲೆ ಕೋಳಿಮೊಟ್ಟೆಗೆ ನೀರು ಸಿಂಪಡಿಸಲು ಬರೆದಿಟ್ಟ ಕೆಲಸವನ್ನೇ ಕರೆಯುತ್ತಿದ್ದರು, ಆ ಕೆಲಸ ಕರೆದವರ ಮುಖ ನೋಡಿ, ಓ ಬಾತುಕೋಳಿ ಕೋಣೆಯಾ, ಅರವತ್ತೈದಾ, ಸರಿ, ಎಂದು ಪಂಪು ಬಿಡುತ್ತಿತ್ತು. ನನ್ನ ಸಾಲು ಬಿದ್ದ ದಿನದಿಂದ ಅದು ಯಾರ ಮುಖವನ್ನೂ ನೋಡಲಿಲ್ಲ, ತಾನು ಬರೆಸಿಕೊಂಡ ಜಾಗದ ಐವತ್ತೈದನ್ನೇ ಹಿಡಿದು ಕೂತಿತು, ಕೋಳಿಯ ಐವತ್ತೈದು, ಇಪ್ಪತ್ತೈದು ದಿನ. ಗೋಡೆಯ ಬೋರ್ಡು ಮಾತ್ರ ಅರವತ್ತೈದು ಎಂದೇ ತೋರಿಸುತ್ತಿತ್ತು, ಯಾಕೆಂದರೆ ಬೋರ್ಡಿಗೆ ಕಳಿಸುವ ಮಾತು ಬಾತುಕೋಳಿಯ ಬ್ರ್ಯಾಕೆಟ್ಟಿನ ಒಳಗೇ ಇತ್ತು, ದಿನಾ ನೋಡಿದೆ, ದಿನಾ ನಂಬಿದೆ, ಇವತ್ತು ಪೆಟ್ಟಿಗೆಯ ಗಾಜು ಒರೆಸಲು ಬಟ್ಟೆ ತಂದರೆ ಒರೆಸಲು ಮಂಜೇ ಇಲ್ಲ, ಗಾಜು ಖಣಖಣ ಒಣಗಿದೆ. ಯಾಕೇ ಹಾಗೆ ನಿಂತೆ — ಅತ್ತೆ, ಕನ್ನಡಕ ಹಣೆಯ ಮೇಲೆ, ಕೈಯಲ್ಲಿ ನುಚ್ಚಿನ ಬಟ್ಟಲು. ಹೇಳಿದೆ, ಉಸಿರು ತೆಗೆದುಕೊಳ್ಳದೆ ಹೇಳಿದೆ, ಅವರು ಬಟ್ಟಲು ಕೆಳಗಿಟ್ಟು ಕಂಪ್ಯೂಟರಿನ ಮುಂದೆ ಕೂತು ಬೆರಳಿಟ್ಟು ಓದಿದರು, ನಾನು ಬೈಗುಳಕ್ಕೆ ಕಾದೆ, ಹೂಂ, ಅಂದರು, ತೇವ ಅಂತ ನಾನು ಬರೀ ಹೆಸರು ಇಟ್ಟಿದ್ದೆ, ಇದು ಕರೆದವರ ಮಾತು ಕೇಳೋ ಹೆಸರು ಅಂತ ಎಲ್ಲೂ ಹೇಳಿಡಲಿಲ್ಲ, ನಿಂಗೆ ಹೇಗೆ ಗೊತ್ತಾಗ್ಬೇಕು. ಆ ಸಾಲು ಕಿತ್ತುಹಾಕ್ಲಾ ಅತ್ತೆ, ಮೊದಲಿನ ಥರಾನೇ ಇರ್ಲಿ. ಬೇಡ ಬೇಡ, ನಾನು ಪಟ್ಟ ಪಾಡು ನಿಂಗೇನು ಗೊತ್ತು, ಒಂದು ವರ್ಷ ಒಳಗೆಲ್ಲೋ ದಿನ ಅಂತ ಒಂದು ಹೆಸರು, ಕರೆದ ಕಡೆ ಬೇರೆ ಲೆಕ್ಕಕ್ಕೆ ಇನ್ನೊಂದು ದಿನ, ಎರಡೂ ಡಿಕ್ಕಿ ಹೊಡೆದು ಮೊಟ್ಟೆಗಳು ಹತ್ತನೇ ದಿನಕ್ಕೇ ತಿರುಗೋದು ನಿಲ್ಲಿಸಿಬಿಟ್ವು, ನಿನ್ನ ಸಾಲೇ ಒಳ್ಳೇದು, ಎಲ್ಲಾ ಹೆಸರೂ ಅವರವರ ಮನೇಲಿರ್ಲಿ, ಇದೊಂದು ಮಾತ್ರ ಕಿವಿ ತೆರ್ಕೊಂಡಿರ್ಲಿ, ಮೇಲ್ಗಡೆ ಘೋಷಣೆ ಹಾಕು, ಹೆಸರಿನ ಆ ಕಡೆ ಈ ಕಡೆ ಒಂದೊಂದು ನಕ್ಷತ್ರದ ಗುರುತು ಇಡು, ಬೆಂಡೋಲೆ ಹಾಕ್ದಂಗೆ, ನೋಡಿದವರಿಗೆ ಇದಕ್ಕೆ ಕಿವಿ ಇದೆ ಅಂತ ಗೊತ್ತಾಗ್ಲಿ. ಹಾಕಿದೆ. ಅವಸರಕ್ಕೆ ಒಂದು ಕಡೆ ಎರಡು ನಕ್ಷತ್ರ ಬಿತ್ತು, ಒಂದೇ ಕಿವಿಗೆ ಎರಡಾ, ಯಾವ ಫ್ಯಾಶನ್ನೇ ಇದು, ಎಂದು ಅತ್ತೆ, ನಾನು ಅಳುತ್ತ ನಕ್ಕೆ, ಪಕ್ಕದ ಕೋಣೆಯಲ್ಲಿ ಪಂಪು ಗುರ್ ಎಂದು ಶುರುವಾಯಿತು, ಗಾಜು ನಿಧಾನಕ್ಕೆ ಬೆಳ್ಳಗಾಯಿತು. ಆದರೆ ಇಪ್ಪತ್ತೈದು ದಿನ ಆರಿದ ನೀರನ್ನು ಯಾವ ನಕ್ಷತ್ರವೂ ವಾಪಸ್ ತರುವುದಿಲ್ಲ.

ಅದಕ್ಕೇ ಈಗ ಒಂದೊಂದಾಗಿ ನೋಡುತ್ತಿದ್ದೇನೆ, ಏಳು ಅಲುಗಲಿಲ್ಲ, ಏಳನ್ನೂ ಬಟ್ಟೆಯ ಮೇಲೆ ಬೇರೆ ಇಟ್ಟೆ, ಹತ್ತರಲ್ಲಿ ನೆರಳು ಸರಿಯಿತು, ಸೋತ ಹಾಗೆ, ಆದರೂ ಸರಿಯಿತು, ಉಳಿದದ್ದು ಒಂದು, ಕೈಗೆತ್ತಿಕೊಳ್ಳಲು ಧೈರ್ಯವಿಲ್ಲ, ಅಂಗಳದಲ್ಲಿ ಸೈಕಲ್ ಸ್ಟ್ಯಾಂಡು ಹಾಕಿದ ಸದ್ದು, ಅತ್ತೆಯ ಕಡೆ ನೋಡಿದೆ, ನಾನು ಹೇಳ್ಲಾ ಅಂದರು, ಬೇಡ ಅತ್ತೆ, ಬುಟ್ಟಿ ಇಸ್ಕೊಂಡಿದ್ದು ನಾನು. ಅಂಚೆಯಮ್ಮ ಪರದೆ ಸರಿಸಿ ಒಳಗೆ ಬಂದರು, ಮೈಯಿಂದ ಬಿಸಿಲಿನ ವಾಸನೆ, ಹೇಳಿದೆ, ಲಿಸ್ಪು ಗಿಸ್ಪು ಬಿಟ್ಟು ಹೇಳಿದೆ, ನಾನು ಬದಲಾಯಿಸಿದೆ, ನಿಮ್ಮ ಮೊಟ್ಟೆ ಒಣಗಿದವು, ಏಳು ಹೋದವು, ಉಳಿದವೂ ಹೊರಗೆ ಬರುತ್ತವೆ ಅನ್ನುವ ಧೈರ್ಯ ನನಗಿಲ್ಲ. ಅವರು ಆ ಏಳರ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದನ್ನು ಸವರಿದರು, ಆಮೇಲೆ ಅಂದರು, ತಪ್ಪು ಮನೆಗೆ ಹಾಕಿದ ಕಾಗದ ನಾನೂ ವಾಪಸ್ ಇಸ್ಕೊಂಡು ಬಂದಿದೀನಿ ಮಗಳೇ, ಬಾಗಿಲು ತಟ್ಟೋಕೆ ಮುಂಚೆ ಎರಡು ಸಲ ಸೈಕಲ್ ತಿರುಗಿಸಿದ್ದೆ, ನೀನು ತಟ್ಟಿದೆ, ಸಾಕು — ಆದ್ರೆ ಮಾಫಿ ಅಂತ ತಿಳ್ಕೋಬೇಡ, ನಂಗೆ ಮರಿ ಬೇಕು, ಎಷ್ಟಾದ್ರೂ ಸರಿ, ಬೇಕು, ಬಿಸಿನೀರಲ್ಲಿ ಒಂದು ಬಟ್ಟೆ ಅದ್ದಿ ಹಿಂಡಿ ಕೊಡಿ ಟೀಚರ್ರೇ, ಮೊಟ್ಟೆಗೆ ಸುತ್ತೋಣ, ಪೊರೆ ಮೆತ್ತಗಾಗ್ಲಿ, ಎಂದು ತೋಳು ಮಡಚಿದರು, ಹೂಂ, ಅದನ್ನ ಯಾಕೆ ಬಿಟ್ಟೆ, ಎತ್ತು. ಎತ್ತಿದೆ, ದೀಪಕ್ಕೆ ಹಿಡಿದೆ, ಕೆಂಪು ಬೆಳಕು, ಗಾಳಿಯ ಜಾಗದ ಅಂಚು, ಅಂಚಿನಲ್ಲಿ ಏನೋ ಮೊನೆ, ಕೊಕ್ಕು, ಪೊರೆಯನ್ನು ಒಳಗಿನಿಂದ ಎತ್ತುವ ಕೊಕ್ಕಿನ ನೆರಳು, ಅತ್ತೆಯ ಉಸಿರು ನನ್ನ ಕಿವಿಯ ಬಳಿ, ಅಂಚೆಯಮ್ಮನ ಗದ್ದ ನನ್ನ ಭುಜದ ಮೇಲೆ, ಮೂವರೂ ಒಂದೇ ಮೊಟ್ಟೆಗೆ ಬಗ್ಗಿದ್ದೇವೆ, ಕೊಕ್ಕು ಎತ್ತಿತು, ನಿಂತಿತು, ಪೊರೆ ಬಿಗಿ, ಎಷ್ಟು ಬಿಗಿ, ಕೊಡಬೇಕಾದ್ದು ಇನ್ನೂ ಒಂದೂ ಕೊಟ್ಟಿಲ್ಲ, ಅತ್ತೆ ಕೊಟ್ಟ ಒದ್ದೆ ಬಟ್ಟೆ ನನ್ನ ಮುಷ್ಟಿಯಲ್ಲಿ ಹನಿ ಇಳಿಸುತ್ತಿದೆ, ಕೊಕ್ಕು, ನಿಂತಿದೆ, ಎತ್ತಿತು, ನಿಂತಿತು, ಕೊಕ್ಕು —